ಹಸಿರು ಹುಲಿ

ಈ ಬರಹದಲ್ಲಿ ‘ನಾವು’ ಎಂದು ಬಂದಲ್ಲೆಲ್ಲ ಓದುಗರು ಅಣ್ಣ ತಂಗಿಯರಿಬ್ಬರನ್ನೂ ಕೂಡಿಯೇ ತಿಳಿಯಬೇಕೆಂದು ಬಿನ್ನಹ. ಒಬ್ಬರು ನೆನೆದುದನ್ನು ಮತ್ತೊಬ್ಬರು ತಿದ್ದುತ್ತ, ಹುಬ್ಬಳ್ಳಿಗೂ ಪುಣೆಗೂ ನಡುವೆ ಫೋನಿನಲ್ಲಿ ವಾದಿಸುತ್ತ ಬರೆದುದಿದು. ವಿಷಯ ಸಣ್ಣದು. ನಮ್ಮ ಎಳವೆಯಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಒಂದು ಕಾರ್ಟೂನು, ಅದರ ನಾಯಕನ ಗೊಂಬೆ, ಆ ಗೊಂಬೆಯ ಕೈಯೊಳಗಿನ ಬೆರಳುದ್ದದ ಒಂದು ಖಡ್ಗ. ಹಿರಿಯರೂ ಮಕ್ಕಳೂ ಕೂಡಿ ಓದುವ ಪುಟಗಳಲ್ಲಿ ಇಂಥದಕ್ಕೆ ಎಡೆಯುಂಟೆ ಎಂಬ ಸಂಕೋಚ ನಮಗಿತ್ತು. ಆದರೆ ತಲೆಯಲ್ಲಿ ಬೆಳ್ಳಿಗೂದಲು ಕಾಣತೊಡಗಿದ ಈ ವಯಸ್ಸಿನಲ್ಲಿಯೂ ಆ ಖಡ್ಗದ ಮಾತು ಬಂದರೆ ನಮ್ಮಿಬ್ಬರ ದನಿ ತಾನಾಗಿಯೇ ತಗ್ಗುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇವೆ.

ಆಗ ನಮ್ಮ ವಾಸ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ಮನೆಯಲ್ಲಿ ಅವ್ವ, ಆಯಿ ಮತ್ತು ನಾವಿಬ್ಬರು. ಓಣಿಯಲ್ಲಿ ಟಿ.ವಿ. ಇದ್ದುದು ಎದುರು ಮನೆಯ ಕಾಕಾ ಅವರಲ್ಲಿ ಮಾತ್ರ. ಕಾಕಾ ಎಂದರೆ ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಅವರ ಮನೆಯಾಕೆ ನಮಗೆ ಕಾಕು. 1987ರ ಜನವರಿಯಲ್ಲಿ ರಾಮಾಯಣದ ಧಾರಾವಾಹಿ ಮೊದಲಾದಾಗ ಅವರು ಆ ಪೆಟ್ಟಿಗೆಯನ್ನು ಕೊಂಡಿದ್ದರು. ಎರಡು ಕದಗಳುಳ್ಳ ಕಪ್ಪು ಬಿಳುಪಿನ ಟಿ.ವಿ. ಗಾಳಿ ಬೀಸಿದರೆ ಮಾಳಿಗೆಯ ಮೇಲಿನ ಆಂಟೆನಾ ತಿರುಗುತ್ತಿತ್ತು. ಒಬ್ಬನು ಮೇಲೆ ಹತ್ತಿ ಅದನ್ನು ಸರಿಪಡಿಸುವುದು, ಮತ್ತೊಬ್ಬನು ಅಂಗಳದಲ್ಲಿ ನಿಂತು ಒಳಗಿನವರ ಮಾತನ್ನು ಮೇಲಕ್ಕೆ ಮುಟ್ಟಿಸುವುದು, “ಬಂತು, ಬಂತು... ಹೋತು!” ಎಂಬ ಕೂಗು, ಇವೂ ನೋಟದ ಒಂದು ಭಾಗವೇ ಆಗಿದ್ದವು. ಭಾನುವಾರ ರಾಮಾಯಣದ ಹೊತ್ತಿಗೆ ಅವರ ಪಡಸಾಲೆಯಲ್ಲಿ ಕಾಲಿಡಲು ಎಡೆ ಇರುತ್ತಿರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ನಮ್ಮ ಅರ್ಧ ಗಂಟೆಗೆ ಮಾತ್ರ ದೊಡ್ಡವರಾರೂ ಬರುತ್ತಿರಲಿಲ್ಲ. ಅದು ಇಂಗ್ಲಿಷಿನದು.

ಅದರ ಹೆಸರು ಹೀ-ಮ್ಯಾನ್. ಎಟರ್ನಿಯಾ ಎಂಬ ಲೋಕದ ರಾಜಕುಮಾರ ಆಡಮ್ ಖಡ್ಗವನ್ನೆತ್ತಿ ಕೂಗಿದೊಡನೆ ಮಿಂಚು ಹೊಡೆದು ಮಹಾಬಲಶಾಲಿ ಹೀ-ಮ್ಯಾನ್ ಆಗುತ್ತಾನೆ. ಅವನ ಪುಕ್ಕಲು ಹುಲಿ ಕ್ರಿಂಜರ್ ಜೀನು ಹೊತ್ತ ಬ್ಯಾಟಲ್ ಕ್ಯಾಟ್ ಆಗುತ್ತದೆ. ತಲೆಬುರುಡೆಯ ಮುಖದ ಸ್ಕೆಲೆಟರ್ ಗ್ರೇಸ್ಕಲ್ ಕೋಟೆಯೊಳಗಿನ ಶಕ್ತಿಯನ್ನು ಕಸಿಯಲು ಬರುತ್ತಾನೆ, ಸೋತು ಹಲ್ಲು ಕಡಿಯುತ್ತ ಹೋಗುತ್ತಾನೆ. ಈ ಹೆಸರುಗಳೆಲ್ಲ ನಮಗೆ ತಿಳಿದುದು ಬಹಳ ತಡವಾಗಿ. ಆಗ ಕನ್ನಡ ಶಾಲೆಗಳಲ್ಲಿ ಇಂಗ್ಲಿಷು ಮೊದಲಾಗುತ್ತಿದ್ದುದು ಐದನೆಯ ಇಯತ್ತೆಗೆ. ನಮ್ಮಲ್ಲಿ ಹಿರಿಯವನು ಅದೇ ವರ್ಷ ಆ ಅಕ್ಷರಗಳನ್ನು ಕಲಿತಿದ್ದನು. ಕಿರಿಯವಳು ಒಂದನೆಯ ಇಯತ್ತೆ. ಒಮ್ಮೆ ಆಯಿ ಹೊಸ್ತಿಲಲ್ಲಿ ನಿಂತು ನೋಡಿ, ಅವನ ಹೆಸರನ್ನು ಕೇಳಿಸಿಕೊಂಡು, “ಇಂವಾ ಭೀಮಣ್ಣ ಅಲ್ಲೇನ?” ಎಂದಳು. ಅಂದಿನಿಂದ ಅವನು ಭೀಮಣ್ಣ. ಬುರುಡೆ ಮುಖದವನು ಬುರುಡೆಪ್ಪ. ನೆಲಕ್ಕೆ ಕಾಲೂರದೆ ತೇಲಾಡುವ, ಮುಖ ಮುಚ್ಚಿಕೊಂಡ ಪುಟ್ಟ ಮಾಟಗಾರನೊಬ್ಬನಿದ್ದನು. ಅವನ ಎದೆಯ ಮೇಲಿದ್ದ ‘ಓ’ ಎಂಬುದೊಂದೇ ಇಡಿಯ ಕಾರ್ಟೂನಿನಲ್ಲಿ ನಾವು ಓದಬಲ್ಲ ಅಕ್ಷರ. ಆದ್ದರಿಂದ ಅವನು ಓಯಪ್ಪ. ಭೀಮಣ್ಣನು ಖಡ್ಗವನ್ನೆತ್ತಿದಾಗ ಕೂಗುತ್ತಿದ್ದ ಮಾತಿನಲ್ಲಿ ನಮಗೆ ತಿಳಿಯುತ್ತಿದ್ದುದು ‘ಪವರ್’ ಎಂಬ ಒಂದು ಶಬ್ದ. ಅದು ನಮಗೆ ಚೆನ್ನಾಗಿ ಗೊತ್ತಿದ್ದ ಶಬ್ದವೇ, ಪವರ್ ಕಟ್ ಎಂಬಲ್ಲಿ ಬರುವಂಥದು. ಅವನು ಮೇಲಕ್ಕೆ ಕೈಯೆತ್ತಿ ಕರೆಂಟು ಬೇಡುತ್ತಾನೆ, ಬೇಡಿದೊಡನೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಬೇಡಿದರೂ ಬಾರದು ಎಂದು ನಗುತ್ತಿದ್ದೆವು.

ನೋಡುವವರು ನಾಲ್ವರು. ನಾವಿಬ್ಬರು, ಕಾಕಾ ಅವರ ಮಗ, ಮತ್ತು ಅವರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಾಕೆಯ ಮಗ. ಈ ನಾಲ್ಕನೆಯವನನ್ನು ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ, ಬರಬೇಡವೆಂದೂ ಅಂದಿರಲಿಲ್ಲ. ಅವನು ಹೊಸ್ತಿಲ ಹೊರಗೆ ಕುಳಿತು, ಚೌಕಟ್ಟಿಗೆ ಕೆನ್ನೆ ಹಚ್ಚಿ ನೋಡುತ್ತಿದ್ದನು. ಆದರೆ ಕಥೆ ಕಟ್ಟುವುದರಲ್ಲಿ ನಮ್ಮೆಲ್ಲರಿಗಿಂತ ಮುಂದು. ಪಾತ್ರಗಳ ಮಾತನ್ನು ನಾವು ಹಂಚಿಕೊಂಡಿದ್ದೆವು. ಹುಲಿಯ ಮಾತು ಅವನ ಪಾಲಿಗೆ. ಹುಲಿ ಹಾಸಿಗೆಯ ಕೆಳಗೆ ನುಸುಳಿ ನಡುಗುವಾಗ ಅವನು, “ನಾ ಒಲ್ಲೆಪಾ, ನೀನ ಹೋಗಿ ಬಾ, ನನಗ ಜ್ವರಾ ಬಂದಾವ” ಎನ್ನುತ್ತಿದ್ದನು. ನಾವು ಹೊಟ್ಟೆ ಹಿಡಿದುಕೊಂಡು ನಗುವಾಗ ಒಳಗಿನಿಂದ ಕಾಕು, “ಯಾಕ ಕಿರಚತೀರಿ?” ಎನ್ನುವರು. ಇನ್ನೊಂದು ದೊಡ್ಡ ತೊಡಕನ್ನೂ ಅವನೇ ಬಿಡಿಸಿದನು. ಕೋಟೆಯ ಬಾಗಿಲು ಬುರುಡೆಯ ಆಕಾರದ್ದು, ಕೆಟ್ಟವನ ಮುಖವೂ ಬುರುಡೆಯದು. ಹಾಗಿದ್ದ ಮೇಲೆ ಕೋಟೆ ಒಳ್ಳೆಯವರ ಕೈಯಲ್ಲಿ ಹೇಗೆ? ಅವನ ಉತ್ತರ ಸರಳವಾಗಿತ್ತು: “ಅಣ್ಣತಮ್ಮರ ಹಿಸ್ಸೆ ಜಗಳ ಅದು. ಇಂವಗ ಪಾಲು ಕೊಟ್ಟಿಲ್ಲ, ಅದಕ್ಕ ವಾರಾ ವಾರಾ ಬರತಾನ.” ನಮ್ಮ ಓಣಿಯಲ್ಲಿಯೇ ಎರಡು ಮನೆಗಳ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿದ್ದುದರಿಂದ ಈ ವ್ಯಾಖ್ಯಾನವನ್ನು ಯಾರೂ ಅಲ್ಲಗಳೆಯಲಿಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಅಪ್ಪ ನಮ್ಮನ್ನು ಕೊಪ್ಪೀಕರ ರಸ್ತೆಗೆ ಪಾಟಿ ಪುಸ್ತಕ ಕೊಡಿಸಲು ಕರೆದುಕೊಂಡು ಹೋದರು. ಒಂದು ಅಂಗಡಿಯ ಗಾಜಿನ ಹಿಂದೆ ಅವರೆಲ್ಲ ನಿಂತಿದ್ದರು! ಭೀಮಣ್ಣ, ಬುರುಡೆಪ್ಪ, ಹುಲಿ. ನಾವು ಮೊದಲು ಗುರುತು ಹಿಡಿದವರೇ ಮರುಕ್ಷಣ ಗುರುತು ತಪ್ಪಿದೆವು. ಭೀಮಣ್ಣನ ಕೂದಲು ಹಳದಿ. ಬುರುಡೆಪ್ಪನ ಮೈ ನೀಲಿ. ಹುಲಿ ಹಸಿರು; ಹಸಿರು ಮೈಯ ಮೇಲೆ ಕಿತ್ತಳೆ ಬಣ್ಣದ ಪಟ್ಟೆ. ಕಪ್ಪು ಬಿಳುಪಿನ ಪೆಟ್ಟಿಗೆಯಲ್ಲಿ ನೋಡುತ್ತ ನಾವು ಅದಕ್ಕೆ ಹುಲಿಯ ಬಣ್ಣವನ್ನೇ ಕೊಟ್ಟುಕೊಂಡಿದ್ದೆವು. ಯಾರೋ ನಮ್ಮನ್ನು ಇಷ್ಟು ದಿನ ಮೋಸಗೊಳಿಸಿದಂತೆಯೂ, ಈಗ ಗುಟ್ಟೊಂದನ್ನು ಬಿಟ್ಟುಕೊಟ್ಟಂತೆಯೂ ಅನ್ನಿಸಿತು. ಅಪ್ಪ ಒಳಗೆ ಹೋಗಿ ಭೀಮಣ್ಣನ ಡಬ್ಬಿಯನ್ನು ಕೈಗೆತ್ತಿಕೊಂಡು, ತಿರುವಿ ಬೆಲೆ ನೋಡಿ, ಮೆಲ್ಲಗೆ ಇದ್ದಲ್ಲಿಯೇ ಇಟ್ಟರು. “ಇದರಾಗ ನಿಮ್ಮಿಬ್ಬರ ವರ್ಷದ ಪುಸ್ತಕ ಬರತಾವು” ಎಂದರು. ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಸಿಟ್ಟಾಗಿದ್ದರೆ ನಾವು ಅತ್ತು ಮರೆಯುತ್ತಿದ್ದೆವೇನೋ.

ಮನೆಗೆ ಬರುವ ದಾರಿಯಲ್ಲಿ ನಾವೊಂದು ಒಪ್ಪಂದ ಮಾಡಿಕೊಂಡೆವು. ಹುಲಿಯ ಬಣ್ಣವನ್ನು ಹೊಸ್ತಿಲ ಗೆಳೆಯನಿಗೆ ಬಾಯಿಂದ ಹೇಳಕೂಡದು, ಹೇಳಿದರೆ ಅವನು ನಂಬುವವನಲ್ಲ. ಒಂದು ದಿನ ಕರೆದುಕೊಂಡು ಹೋಗಿ ಗಾಜಿನ ಮುಂದೆ ನಿಲ್ಲಿಸಬೇಕು.

ಇಲ್ಲಿ ಸ್ವಲ್ಪ ನಿಂತು, ಈ ಗೊಂಬೆಗಳು ನಮ್ಮೂರಿನ ಗಾಜಿನ ಹಿಂದೆ ಬಂದು ನಿಂತ ಬಗೆಯನ್ನು ಹೇಳಬೇಕು. ಕಾರ್ಟೂನಿನಿಂದ ಗೊಂಬೆ ಹುಟ್ಟಿತೆಂದು ನಾವು ತಿಳಿದಿದ್ದೆವು. ನಡೆದುದು ತಿರುವುಮುರುವು. ಅಮೆರಿಕದ ಮ್ಯಾಟೆಲ್ ಎಂಬ ಆಟಿಕೆಗಳ ಕಂಪನಿ 1970ರ ದಶಕದಲ್ಲಿ ಸ್ಟಾರ್ ವಾರ್ಸ್ ಚಲನಚಿತ್ರದ ಗೊಂಬೆಗಳನ್ನು ಮಾಡುವ ಅವಕಾಶವನ್ನು ಕೈಬಿಟ್ಟಿತ್ತು. ಕೆನ್ನರ್ ಎಂಬ ಕಂಪನಿ ಅದನ್ನು ಹಿಡಿದು ಅಪಾರವಾಗಿ ಗಳಿಸಿತು. ಆಮೇಲೆ ಮ್ಯಾಟೆಲ್ 1982ರಲ್ಲಿ ತನ್ನದೇ ಆದ ವೀರನೊಬ್ಬನನ್ನು ಮಾರುಕಟ್ಟೆಗೆ ತಂದಿತು. ಐದೂವರೆ ಅಂಗುಲದ ಗೊಂಬೆ. ಸೊಂಟವನ್ನು ತಿರುವಿ ಬಿಟ್ಟರೆ ಒಳಗಿನ ಸ್ಪ್ರಿಂಗಿನ ಬಲದಿಂದ ತಾನೇ ಗುದ್ದುತ್ತದೆ. ಅಚ್ಚುಗಳಿಗೆ ಬಹಳ ಹಣ ಬೇಕು. ಆದ್ದರಿಂದ ಒಂದೇ ಅಚ್ಚಿನ ಮೈಗೆ ತಲೆ, ಬಣ್ಣ, ಕವಚ ಬದಲಿಸಿ ಹಲವು ಪಾತ್ರಗಳನ್ನು ಮಾಡಿದರು. ಭೀಮಣ್ಣನಿಗೂ ಬುರುಡೆಪ್ಪನಿಗೂ ಎದೆಗೂಡು ಒಂದೇ ಅಚ್ಚಿನದು. ಹುಲಿಯಂತೂ ಬಿಗ್ ಜಿಮ್ ಎಂಬ ಹಳೆಯ ಗೊಂಬೆಗಳ ಸಾಲಿಗಾಗಿ ಮಾಡಿದ್ದ ಅಚ್ಚು. ಆ ಸಾಲಿನ ಗೊಂಬೆಗಳು ದೊಡ್ಡವು, ಹುಲಿಯೂ ದೊಡ್ಡದು. ಸಣ್ಣ ಭೀಮಣ್ಣನ ಪಕ್ಕದಲ್ಲಿ ಅದು ಕುದುರೆಯಷ್ಟು ಎತ್ತರ ಕಂಡಿತು. ಜೀನು ಹಾಕಿ ಅವನನ್ನು ಹತ್ತಿಸಿದರು. ಖರ್ಚು ಉಳಿಸಲು ಹೋಗಿ ಹುಟ್ಟಿದ ವಾಹನ!

ಗೊಂಬೆಗೆ ಕಥೆ ಬೇಕಾಯಿತು. ಲೂ ಶೈಮರ್ ಎಂಬವರ ಫಿಲ್ಮೇಷನ್ ಸಂಸ್ಥೆ 1983ರಿಂದ 1985ರವರೆಗೆ 130 ಕಂತುಗಳನ್ನು ತಯಾರಿಸಿತು. ಇದಕ್ಕೆ ಮುಂಚೆ, 1969ರಲ್ಲಿ, ಹಾಟ್ ವೀಲ್ಸ್ ಎಂಬ ಆಟಿಕೆ ಕಾರುಗಳ ಹೆಸರಿನಲ್ಲಿ ಅಲ್ಲಿ ಒಂದು ಕಾರ್ಟೂನು ಬಂದಾಗ, ಇದು ಕಾರ್ಯಕ್ರಮವಲ್ಲ, ಅರ್ಧ ಗಂಟೆಯ ಜಾಹೀರಾತು ಎಂಬ ದೂರು ಪ್ರಸಾರ ಆಯೋಗಕ್ಕೆ ಹೋಗಿತ್ತು. ಆಯೋಗ ಅದನ್ನು ಆಕ್ಷೇಪಿಸಿಯೂ ಇತ್ತು. 1980ರ ದಶಕದಲ್ಲಿ ರೇಗನ್ ಅವರ ಆಡಳಿತ ಬಂದ ಮೇಲೆ ಆ ಹಿಡಿತ ಸಡಿಲವಾಯಿತು. ಮ್ಯಾಸಚೂಸೆಟ್ಸಿನ ಪೆಗಿ ಚಾರೆನ್ ಎಂಬ ತಾಯಿ 1968ರಲ್ಲಿ ಇತರ ತಾಯಂದಿರನ್ನು ಕೂಡಿಸಿಕೊಂಡು ಮಕ್ಕಳ ಟಿ.ವಿ.ಗಾಗಿ ಒಂದು ಸಂಘ ಕಟ್ಟಿದ್ದರು. ಅವರು ಇಂಥ ಕಾರ್ಟೂನುಗಳ ಮೇಲೆ ವರ್ಷಗಟ್ಟಲೆ ಹೋರಾಡಿದರು. 1990ರ ಕಾನೂನು ಮಕ್ಕಳ ಕಾರ್ಯಕ್ರಮಗಳಲ್ಲಿ ಜಾಹೀರಾತಿಗೆ ಗಂಟೆಗೆ ಇಷ್ಟೇ ನಿಮಿಷ ಎಂದು ಮಿತಿ ಹಾಕಿತು; ಶನಿವಾರ ಭಾನುವಾರಗಳಲ್ಲಿ ಹತ್ತೂವರೆ, ಉಳಿದ ದಿನ ಹನ್ನೆರಡು. ಇಂದು ನಾವೂ ತಂದೆ ತಾಯಿಯರಾಗಿ ಯೋಚಿಸಿದರೆ ಆ ತಾಯಿಯ ಪಕ್ಷವೇ ನಮ್ಮ ಪಕ್ಷ. ಆದರೂ ಫಿಲ್ಮೇಷನ್ನಿನವರನ್ನು ಪೂರ್ತಿಯಾಗಿ ಹಳಿಯಲು ಮನಸ್ಸು ಬಾರದು. ಹೊರದೇಶಗಳಿಗೆ ಚಿತ್ರಗಳನ್ನು ಬರೆಯಲು ಕಳಿಸಿ ಹಣ ಉಳಿಸುವುದು ರೂಢಿಯಾಗುತ್ತಿದ್ದ ಕಾಲದಲ್ಲಿ ಶೈಮರ್ ಅವರು ಕೆಲಸವನ್ನು ತಮ್ಮ ಊರಿನ ಚಿತ್ರಕಾರರ ಕೈಯಲ್ಲಿಯೇ ಉಳಿಸಿಕೊಂಡರು. ಅದರ ಬೆಲೆಯಾಗಿ ಬರೆದ ಚಿತ್ರಗಳನ್ನೇ ಮತ್ತೆ ಮತ್ತೆ ಬಳಸಬೇಕಾಯಿತು. ಭೀಮಣ್ಣನು ವಾರ ವಾರವೂ ಅದೇ ಓಟ ಓಡಿ ಅದೇ ಗುದ್ದು ಗುದ್ದುತ್ತಿದ್ದುದು ಅದಕ್ಕೆ. ಓಯಪ್ಪನು ಗೊಂಬೆಯಾಗಿ ಹುಟ್ಟಿದವನಲ್ಲ, ಟಿ.ವಿ.ಗಾಗಿಯೇ ಹುಟ್ಟಿದವನು, ಅವನ ಎದೆಗೆ ‘ಓ’ ಬಂದುದೂ ಚಿತ್ರವನ್ನು ಎಡಬಲ ತಿರುವಿ ಬಳಸಿದರೂ ಆ ಅಕ್ಷರ ಕೆಡದು ಎಂಬ ಕಾರಣದಿಂದ. ನಮಗೆ ಓದಲು ಸಿಕ್ಕ ಏಕೈಕ ಅಕ್ಷರದ ಹಿಂದೆಯೂ ಉಳಿತಾಯವೇ ಇತ್ತೆಂದು ತಿಳಿದಾಗ ನಗು ಬಂದಿತು.

ಭಾರತದಲ್ಲಿ ಈ ಗೊಂಬೆಗಳು ಲಿಯೋ ಎಂಬ ಹೆಸರಿನಡಿ ಇಲ್ಲಿಯೇ ತಯಾರಾಗುತ್ತಿದ್ದವು. ಅಂಥದೊಂದು ಭೀಮಣ್ಣನನ್ನು ಕಾಕಾ ಅವರ ಮಗನಿಗೆ ಮುಂಬಯಿಯ ಸೋದರಮಾವ ತಂದುಕೊಟ್ಟರು. ನಾವು ಗಾಜಿನ ಹಿಂದೆ ಅದನ್ನು ಕಂಡು ಎರಡು ದಿನ ಕಳೆದಿದ್ದವು. ಅವನೇನು ಜಿಪುಣನಲ್ಲ, ಮುಟ್ಟಲು ಕೊಟ್ಟನು, ಸೊಂಟ ತಿರುವಲು ಕೊಟ್ಟನು. ಗೊಂಬೆಯ ಕೈಯಲ್ಲಿ ಖಡ್ಗವಿತ್ತು. ವಿಚಿತ್ರವೆಂದರೆ ಅದು ಅರ್ಧ ಖಡ್ಗ. ಒಂದು ಮಗ್ಗುಲು ಉಬ್ಬು, ಇನ್ನೊಂದು ಮಗ್ಗುಲು ಸಪಾಟು. ಉಳಿದರ್ಧ ಬುರುಡೆಪ್ಪನ ಗೊಂಬೆಯ ಜೊತೆಗೆ ಬರುತ್ತದೆ. ಎರಡನ್ನೂ ಜೋಡಿಸಿದರೆ ಒಂದು ಪೂರ್ಣ ಖಡ್ಗವಾಗುತ್ತದೆ. ಮಾರುವವರ ಜಾಣತನವನ್ನು ನೋಡಿರಿ: ಒಂದನ್ನು ಕೊಂಡವನಿಗೆ ಎರಡನೆಯದು ಬೇಕೇ ಬೇಕಾಗಬೇಕು. ಒಂದನ್ನೂ ಕೊಳ್ಳಲಾಗದವರ ವಿಚಾರ ಅವರಿಗೆ ಬಂದಿರಲಾರದು.

ಮೂರನೆಯ ದಿನ ಆ ಖಡ್ಗ ನಮ್ಮ ಮನೆಯಲ್ಲಿತ್ತು. ತೆಗೆದವನು ನಮ್ಮಲ್ಲಿ ಹಿರಿಯವನು. ರಾತ್ರಿ ಕೌದಿಯ ಕೆಳಗೆ ಅದನ್ನು ಕಂಡುಹಿಡಿದವಳು ಕಿರಿಯವಳು. ಹೇಳಿಬಿಡುವೆನೆಂದು ಹೆದರಿಸಿ ಅವಳು ಪಡೆದುದು ಇಷ್ಟು: ಒಂದು ರಾತ್ರಿ ಅವನ ಕೈಯಲ್ಲಿ, ಮರು ರಾತ್ರಿ ಇವಳ ಕೈಯಲ್ಲಿ. ಆದ್ದರಿಂದ ಇಲ್ಲಿಯೂ ‘ನಾವು’ ಎಂಬುದೇ ಸರಿ. ತಂಗಿಯನ್ನು ಇದರಿಂದ ಬಿಡಿಸಬೇಕೆಂದು ಅಣ್ಣನ ಹಟ. ಬಿಡಿಸಕೂಡದೆಂದು ತಂಗಿಯ ಹಟ. ತಂಗಿಯೇ ಗೆದ್ದಿದ್ದಾಳೆ.

ಎದುರು ಮನೆಯಲ್ಲಿ ಹುಡುಕಾಟ ನಡೆಯಿತು. ಚಾಪೆ ಕೊಡವಿದರು, ಕಪಾಟಿನ ಹಿಂದೆ ಕಸಬರಿಗೆ ಆಡಿಸಿದರು. ಹುಡುಗ ಅನ್ನ ಬಿಟ್ಟು ಅಳುತ್ತಿದ್ದನು. ಕಾಕು ಕೆಟ್ಟವರಲ್ಲ, ಈ ಮಾತನ್ನು ಒತ್ತಿ ಹೇಳಬೇಕು. ಅವರು ಯಾರನ್ನೂ ಕಳ್ಳನೆಂದು ಕರೆಯಲಿಲ್ಲ. ಮರುದಿನ ಬೆಳಗ್ಗೆ ಕೆಲಸದಾಕೆ ಬಂದಾಗ, “ಇನ್ನ ಮ್ಯಾಲೆ ನಿನ್ನ ಹುಡುಗನ್ನ ಕರಕೊಂಡು ಬರಬ್ಯಾಡ ನೋಡವಾ” ಎಂದರು. ಅಷ್ಟೇ. ನಾವಿಬ್ಬರೂ ಅಲ್ಲಿಯೇ, ಕಟ್ಟೆಯ ಮೇಲೆ ಇದ್ದೆವು. ಖಡ್ಗ ಅಣ್ಣನ ಚಡ್ಡಿಯ ಕಿಸೆಯಲ್ಲಿತ್ತು. ಆ ತಾಯಿ ಏನೂ ಆಡದೆ ಪಾತ್ರೆಗಳನ್ನು ತಿಕ್ಕಿ ಮುಗಿಸಿ ಮಗನ ರೆಟ್ಟೆ ಹಿಡಿದುಕೊಂಡು ಹೋದಳು. ಓಣಿಯ ತುದಿಯಲ್ಲಿದ್ದ ಬೋರಿಂಗಿನ ಕಡೆಯಿಂದ ಸ್ವಲ್ಪ ಹೊತ್ತಿಗೆ ಹೊಡೆತದ ಸಪ್ಪಳ ಕೇಳಿತು. ಆಗ ಎದ್ದು ಓಡಿಹೋಗಿ ಹೇಳಿದ್ದರೆ ಇಪ್ಪತ್ತು ಹೆಜ್ಜೆ. ನಾವು ಆ ಇಪ್ಪತ್ತು ಹೆಜ್ಜೆಗಳನ್ನು ಇಡಲಿಲ್ಲ.

ಆ ವಾರವೇ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ಎರೆಮಣ್ಣು ತಂದು ಎತ್ತು ಮಾಡುವುದು ನಮ್ಮ ಮನೆಯಲ್ಲಿ ಮಕ್ಕಳ ಕೆಲಸ. ಆಯಿ ಕೋಡು, ಕಿವಿ ತಿದ್ದಿ, ಕಣ್ಣಿಗೆ ಗುಲಗಂಜಿ ಒತ್ತಿಕೊಡುತ್ತಿದ್ದಳು. ಅಣ್ಣನು ಖಡ್ಗವನ್ನು ಒಂದು ಎತ್ತಿನ ಹೊಟ್ಟೆಯೊಳಗೆ ಅದುಮಿ ಮೇಲೆ ಮಣ್ಣು ಸವರಿದನು. ತಂಗಿ ನೀರು ಹಚ್ಚಿ ನುಣುಪು ಮಾಡಿದಳು. ಆಯಿ ಎತ್ತುಗಳನ್ನು ಮಣೆಯ ಮೇಲೆ ನಿಲ್ಲಿಸಿ, ಮುಂದೆ ಗೋದಲಿ ಇಟ್ಟು, ಆರತಿ ಬೆಳಗಿ ತಲೆಬಾಗಿದಳು. ಮಳೆ ಬೆಳೆ ಚೆನ್ನಾಗಿ ಬರಲಿ, ಮಕ್ಕಳಿಗೆ ವಿದ್ಯೆ ಬರಲಿ ಎಂದು ಬೇಡಿಕೊಂಡಳು. ನಾವೂ ಕೈ ಮುಗಿದು ನಿಂತೆವು. ಆಮೇಲೆ ಒಂದು ದಿನ ಅಪ್ಪ ನಮ್ಮನ್ನು ಉಣಕಲ್ಲ ಕೆರೆಗೆ ಕರೆದುಕೊಂಡು ಹೋದರು. ಎತ್ತುಗಳನ್ನು ನೀರಿಗೆ ಬಿಟ್ಟು ಬಂದೆವು. ಮಣ್ಣು ಕರಗಿರಬೇಕು. ಪ್ಲಾಸ್ಟಿಕ್ಕು ಕರಗುವಂಥದಲ್ಲ.

ಆ ಬಳಿಕ ನಾವು ಕಾರ್ಟೂನು ನೋಡಲು ಹೋದೆವೋ ಇಲ್ಲವೋ ಎಂಬುದರಲ್ಲಿ ನಮ್ಮಿಬ್ಬರ ನೆನಪು ಕೂಡುವುದಿಲ್ಲ. ಹೋದೆವು, ಆದರೆ ಹುಲಿಯ ಮಾತು ಹೇಳುವವರಿರಲಿಲ್ಲ ಎಂದು ತಂಗಿ. ಹೋಗಲೇ ಇಲ್ಲ ಎಂದು ಅಣ್ಣ. ಕೆಲವು ತಿಂಗಳಿಗೆ ಆ ತಾಯಿ ಓಣಿಯ ಕೆಲಸವನ್ನೇ ಬಿಟ್ಟಳು. ಗೊಂಬೆಗಳ ಕಾಲವೂ ಮುಗಿಯಿತು. ಅಮೆರಿಕದಲ್ಲಿ 1987ರ ಹೊತ್ತಿಗೇ ಅವುಗಳ ಮಾರಾಟ ಕುಸಿದಿತ್ತು, ಫಿಲ್ಮೇಷನ್ ಸಂಸ್ಥೆ 1989ರಲ್ಲಿ ಮುಚ್ಚಿತು. ನಮಗೆ ವಿದ್ಯೆ ಬಂದಿತು, ನೌಕರಿ ಬಂದಿತು, ಮದುವೆಗಳಾದವು. ಆಯಿ, ಅಪ್ಪ ಹೋದರು.

2021ರಲ್ಲಿ ಹೊಸ ಹೀ-ಮ್ಯಾನ್ ಸರಣಿಗಳು ಬಂದವು. ಅವುಗಳಲ್ಲೊಂದನ್ನು ತಂಗಿಯ ಮಗಳು ಪುಣೆಯಲ್ಲಿ ನೋಡುತ್ತಿದ್ದಾಗ ತಂಗಿ ಅಣ್ಣನಿಗೆ ಫೋನು ಮಾಡಿ ನಕ್ಕಳು, ನಗುತ್ತ ನಗುತ್ತ ಮಾತು ನಿಲ್ಲಿಸಿದಳು. ಆ ಹೊಸ ಕಥೆಯಲ್ಲಿ ಬುರುಡೆ ಮುಖದವನು ರಾಜನ ಒಡಹುಟ್ಟಿದವನೇ. ರಾಜ್ಯದ ಮೇಲೆ ಹಕ್ಕು ಹೇಳಿ ಬಂದವನು. ಹೊಸ್ತಿಲ ಹೊರಗೆ ಕುಳಿತವನು ಹೇಳಿದ್ದ ಹಿಸ್ಸೆಯ ಜಗಳ!

ಆ ದೀಪಾವಳಿಗೆ ಕೂಡಿದಾಗ ನಾವು ಹಳೆಯ ಕಂತುಗಳನ್ನು ಬಣ್ಣದಲ್ಲಿ, ಮಾತು ತಿಳಿದು ನೋಡಿದೆವು. ಆಗ ಗೊತ್ತಾದ ಸಂಗತಿಯೊಂದಿದೆ. ಪ್ರತಿ ಕಂತಿನ ಕೊನೆಗೂ ಒಂದು ಪಾತ್ರ ಮಕ್ಕಳತ್ತ ತಿರುಗಿ ಅಂದಿನ ಕಥೆಯ ನೀತಿಯನ್ನು ಹೇಳುತ್ತದೆ. ಕಾದಾಟ ಮುಗಿದು ಯಾರೋ ನಿಂತು ಮಾತನಾಡತೊಡಗಿದರೆಂದರೆ, ಮುಗಿಯಿತೆಂದು ನಾವು ಎದ್ದು ಓಡುತ್ತಿದ್ದೆವು. ಗೊಂಬೆ ಮಾರುವ ಕೆಲಸಕ್ಕೆ ಭಾಷೆ ಬೇಕಾಗಿರಲಿಲ್ಲ, ಅದು ಹುಬ್ಬಳ್ಳಿಯ ಓಣಿಯವರೆಗೂ ಬಂದು ಮುಟ್ಟಿತು. ನೀತಿಗೆ ಭಾಷೆ ಬೇಕಾಗಿತ್ತು, ಅದು ದಾರಿಯಲ್ಲಿ ಉಳಿಯಿತು. ಹೀಗೆಂದು ಅಣ್ಣನು ಹೇಳಿದಾಗ ತಂಗಿ ಒಪ್ಪಲಿಲ್ಲ. “ಕದೀಬಾರದು ಅಂತ ನಮಗ ಕನ್ನಡದಾಗ ಗೊತ್ತಿದ್ದಿಲ್ಲೇನ ಅಣ್ಣಾ?” ಎಂದಳು.

ಒಂದು ಕಂತಿನಲ್ಲಿ ಹೀ-ಮ್ಯಾನನು ನಿರಪರಾಧಿಯೊಬ್ಬನು ತನ್ನ ಕೈಯಿಂದ ಸತ್ತನೆಂದು ನಂಬುತ್ತಾನೆ. ಅದು ಸ್ಕೆಲೆಟರನ ಕಪಟ. ಆದರೆ ಆ ಗುಟ್ಟು ತಿಳಿಯದ ವೀರನು ಇನ್ನು ಈ ಶಕ್ತಿಗೆ ತಾನು ತಕ್ಕವನಲ್ಲವೆಂದು ಖಡ್ಗವನ್ನು ಕೋಟೆಯ ಮುಂದಿನ ಆಳದ ಕಮರಿಗೆ ಎಸೆದುಬಿಡುತ್ತಾನೆ. ಅದು ನಮ್ಮ ಬಾಲ್ಯದಲ್ಲಿ ಇಲ್ಲಿ ಬಂದಿತ್ತೋ ಇಲ್ಲವೋ, ನಮಗೆ ನೆನಪಿರಲಿಲ್ಲ. ಖಡ್ಗ ಕತ್ತಲೆಗೆ ಬೀಳುವುದನ್ನು ನೋಡುತ್ತ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಮಕ್ಕಳು ಮಲಗಿದ ಮೇಲೆ ತಂಗಿ, “ಹುಡಕೂಣ ಅಣ್ಣಾ” ಎಂದಳು.

ಮೊದಲು ಕಾಕು ಅವರಲ್ಲಿಗೆ ಹೋದೆವು. ಕಾಕಾ ಇಲ್ಲ, ಅವರಿಗೆ ಎಂಬತ್ತು ದಾಟಿದೆ. ಎಲ್ಲವನ್ನೂ ಹೇಳಿ ಕಾಲು ಮುಟ್ಟಿದರೆ ಅವರು, “ಯಾವ ಖಡ್ಗನೋ ಯಪ್ಪಾ?” ಎಂದು ಕೇಳಿ, ಅವಲಕ್ಕಿ ತರಲು ಎದ್ದರು. ಅವರ ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಗೇಟು ಮಾಡಿದಾಂವಾ ಅವನ” ಎಂದನು. ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಕಬ್ಬಿಣದ ಕೆಲಸವನ್ನೆಲ್ಲ ಅವನೇ ಮಾಡಿದ್ದನಂತೆ. ಊರ ಹೊರಗಿನ ವಸಾಹತಿನಲ್ಲಿ ಅವನದೇ ಒಂದು ವೆಲ್ಡಿಂಗ್ ಅಂಗಡಿ.

ನಾವು ಹೋದಾಗ ಅವನು ಕಿಟಕಿಯ ಗ್ರಿಲ್ಲಿಗೆ ಬೆಸುಗೆ ಹಾಕುತ್ತಿದ್ದನು. ಕನ್ನಡಕವನ್ನು ಹಣೆಗೇರಿಸಿ, “ಮಾಸ್ತರ ಮಕ್ಕಳಲ್ಲೇನ್ರಿ?” ಎಂದು ಗುರುತು ಹಿಡಿದನು. ಸ್ಟೂಲು ಕೊಟ್ಟನು. ಅಪ್ಪನ ಬಗ್ಗೆ ಕೇಳಿದನು. ಅಣ್ಣನು ನೆಲ ನೋಡುತ್ತ ಹೇಳಿ ಮುಗಿಸಿದನು. ಬಿಟ್ಟುಹೋದುದನ್ನು ತಂಗಿ ತುಂಬಿದಳು. ಅವನು ನಡುವೆ ಬಾಯಿ ಹಾಕಲಿಲ್ಲ.

“ಖಡ್ಗ ನನಗ ನೆನಪಿಲ್ರಿ” ಎಂದನು. “ಹೊಡತ ನೆನಪೈತಿ. ಬೋರಿಂಗ್ ಕಟ್ಟಿ ಮುಂದ. ಅಕೀನ ಅಳಕೋತ ಹೊಡದ್ಲು. ನಾ ತಗೊಂಡಿಲ್ಲಬೇ ಅಂದೆ. ಒಮ್ಮೆ ಅಂದೆ, ಎರಡ ಸಲ ಅಂದೆ. ಆಮ್ಯಾಲೆ, ಹೌದು ತಗೊಂಡೇನಿ ಅಂದಬಿಟ್ಟೆ. ಹೊಡತ ನಿಂತ್ವು.”

ತಾಯಿ ಹೇಗಿದ್ದಾಳೆಂದು ತಂಗಿ ಕೇಳಿದಳು. ತೀರಿಹೋಗಿ ಎಂಟು ವರ್ಷವಾಗಿತ್ತು.

“ಸಾಯೂತನಕ ಅಕಿ ಹಂಗ ತಿಳದಿದ್ಲು” ಎಂದನು. ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಗ್ರಿಲ್ಲಿನ ಅಳತೆ ಹೇಳುವಂತೆ ಹೇಳಿದನು.

ನಾವು ಏನನ್ನೋ ಹೇಳಲು ಬಾಯಿ ತೆರೆದೆವು, ಅದು ಮಾತಾಗಲಿಲ್ಲ. ಅವನು ಹುಡುಗನನ್ನು ಕೂಗಿ ಚಹಾ ತರಿಸಿದನು. ಚಹಾ ಆರುವವರೆಗೂ ಮೂವರೂ ರಸ್ತೆಯನ್ನು ನೋಡುತ್ತ ಕುಳಿತೆವು. ಆಮೇಲೆ ಅವನೇ ಕೇಳಿದನು.

“ಆ ಹುಲಿ ಇತ್ತಲ್ರಿ, ಅಂಜುಬುರುಕ ಹುಲಿ. ನಾ ಅದರ ಮಾತ ಹೇಳತಿದ್ದೆ. ಅದರ ಬಣ್ಣ ಯಾವದಿತ್ತ್ರಿ ಖರೇನ?”

“ಹಸಿರು” ಎಂದೆವು ಇಬ್ಬರೂ.

“ಹುಲಿ? ಹಸರ?”

ನಾವು ಮತ್ತೂ ಒಂದು ಸುಳ್ಳು ಹೇಳುತ್ತಿರುವೆವೋ ಎಂಬಂತೆ ಅವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದನು. ಅಣ್ಣನು ಮೊಬೈಲು ತೆಗೆದು ಚಿತ್ರ ಹುಡುಕಿದನು. ಅವನು ಕರಿ ಹತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಅದನ್ನು ಎರಡೂ ಕೈಗಳಿಂದ ಈಸಿಕೊಂಡನು. ಬಿಸಿಲು ಬೀಳದಂತೆ ಅಂಗಡಿಯ ಒಳಮಗ್ಗುಲಿಗೆ ತಿರುಗಿ ನಿಂತು ಬಹಳ ಹೊತ್ತು ನೋಡಿದನು.

“ಹೌದ್ರಿ” ಎಂದನು, “ಹಸರ ಐತಿ.”